ಬಂತಾ?

ಅಡುಗೆಮನೆಯ ಮೇಜಿನ ಮೇಲೆ ಎರಡು ಕಾಗದ.
ಒಂದರಲ್ಲಿ ಅರವತ್ತೆರಡು ಚಾನೆಲ್ಲು, ಫುಟ್‌ಬಾಲು,
ಇಂಟರ್‌ನೆಟ್ಟಿಗೂ ಟೀವಿಗೂ ಸೇರಿಸಿ ಒಂದೇ ಬಿಲ್ಲು.
ಇನ್ನೊಂದರಲ್ಲಿ ಬಿಳಿ ತಟ್ಟೆ, ಅದರ ಹಿಂದೆ
ನಮ್ಮ ವಾಡ್ಸೋ ಎಂದೂ ಕಂಡಿರದ ನೀಲಿ ಆಕಾಶ.
ನಡುವೆ ಏಡಿಚಿಪ್ಪಿನ ಬೋಗುಣಿ,
ಐಲಿಫನ ಕನ್ನಡಕ.

"ಕೇಬಲ್ಲೇ ಸರಿ" ಅಂದ ಐಲಿಫ್,
ಮಣ್ಣಿನೊಳಗಿನ ತಂತಿಗೆ ಗಾಳಿಯ ಹಂಗಿಲ್ಲ.
ಆದರೆ ತಂತಿ ನಾಲ್ಕು ಮನೆ ಆಚೆಗೇ,
ಆಸ್ಲೌಗಳ ಗ್ಯಾರೇಜಿನ ಬುಡದಲ್ಲೇ ನಿಂತುಬಿಟ್ಟಿದೆ.
ನೆಲ ಕರಗಲಿ, ಜೂನ್ ಬರಲಿ, ಅಗೆದುಕೊಡುತ್ತೇವೆ ಅಂದಿದ್ದಾರೆ ಕಂಪನಿಯವರು.
ಈಗಿನ್ನೂ ನವೆಂಬರು.

ತಟ್ಟೆಯ ಕಡೆಯ ಹುಡುಗ ಸಾಂದರ್
ದಿಕ್ಸೂಚಿ ಹಿಡಿದು ಮನೆ ಸುತ್ತಿ ಬಂದ,
ಮೂಗು ಕೆಂಪಾಗಿತ್ತು.
"ಇಲ್ಲಿ ಉಪಗ್ರಹ ತಲೆಯ ಮೇಲಲ್ಲ ಇರೋದು.
ಅವು ಸುತ್ತೋದು ಭೂಮಿಯ ಸೊಂಟಕ್ಕೆ,
ನಾವಿರೋದು ನೆತ್ತಿಯ ಹತ್ತಿರ" ಅಂದ.
ಹಾಗಾಗಿ ನಮ್ಮ ತಟ್ಟೆ ಆಕಾಶ ನೋಡುವುದಿಲ್ಲವಂತೆ;
ದಕ್ಷಿಣಕ್ಕೆ ಮುಖ ಮಾಡಿ, ಕೊಲ್ಲಿಯ ಆಚೆ ದಡದ ಮೇಲೆ
ಒಂದು ಮೊಳ ಎತ್ತರಕ್ಕೆ ಕಣ್ಣಿಟ್ಟಿರುತ್ತದಂತೆ,
ತಡವಾದ ದೋಣಿಗೆ ಕಾಯುವವರ ಹಾಗೆ.
"ಹಿಮ ಕೂತರೆ ಒರೆಸಬೇಕು, ಅಷ್ಟೇ."
"ಒರೆಸೋರು ಯಾರು?" ಅಂದ ಐಲಿಫ್.
ನಾನು ಬೋಗುಣಿ ಎತ್ತಿ ಒಳಗಿಟ್ಟೆ.

ಕಿಟಕಿಯ ಬಳಿ ಕೈಗವಸಿನ ಹೆಬ್ಬೆರಳು ಹೆಣೆಯುತ್ತಿದ್ದ ಅತ್ತೆ,
ಹಿಲ್ಯಾ,
ಸೂಜಿಯಿಂದ ಕಣ್ಣೆತ್ತದೆ ಕೇಳಿದಳು:
"ಅದರಲ್ಲಿ ಫಿನ್ನಿಷ್ ಬರುತ್ತದಾ?"

ಮದುವೆಯಾಗಿ ಹದಿನೇಳು ವರ್ಷ.
ಈ ಮನೆಯಲ್ಲಿ ಆ ಭಾಷೆಯ ಹೆಸರು ಕೇಳಿದ್ದು ಅದೇ ಮೊದಲು.
ಶಾಲೆಯಲ್ಲಿ ಆ ಮಾತು ಬಾಯಿಂದ ಜಾರಿದಾಗಲೆಲ್ಲ
ಗೋಡೆಗೆ ಮುಖ ಮಾಡಿ ನಿಲ್ಲಿಸುತ್ತಿದ್ದರಂತೆ ಅವಳನ್ನು,
ನಾದಿನಿ ಒಮ್ಮೆ ಪಾತ್ರೆ ಒರೆಸುತ್ತ ಹೇಳಿದ್ದಳು.
ಮಗನಿಗೆ ಅವಳು ದಾಟಿಸಲಿಲ್ಲ.
ಐಲಿಫನಿಗೆ ಗೊತ್ತಿರುವುದು ಎರಡೇ ಪದ:
ಒಂದು ಬೈಗುಳ, ಒಂದು ಮೀನಿನ ಹೆಸರು.

ಸಾಂದರ್ ಪಟ್ಟಿಯ ಮೇಲೆ ಬೆರಳೋಡಿಸಿದ.
ತಟ್ಟೆಯಲ್ಲಿ ಬರುತ್ತದೆ, ಎರಡು ಚಾನೆಲ್ಲು.
ಕೇಬಲ್ಲಿನಲ್ಲಿ ಇಲ್ಲ.
"ಅದರಲ್ಲಿ ಅಡುಗೆಯದ್ದು ಐದಿದೆ" ಅಂದ, ಸಮಾಧಾನಕ್ಕೆ.

ಐಲಿಫ್ ಕನ್ನಡಕ ಹಾಕಿಕೊಂಡ,
ತೆಗೆದ,
ಮತ್ತೆ ಹಾಕಿಕೊಂಡು ಬಿಳಿ ತಟ್ಟೆಯ ಕಾಗದ ಎಳೆದುಕೊಂಡ.
"ಫುಟ್‌ಬಾಲು ಆಸ್ಲೌಗಳ ಮನೆಯಲ್ಲಿ ನೋಡ್ಕೋತೀನಿ" ಎಂದು
ಪೆನ್ನಿಗೆ ಹೇಳಿದ.

ಜನವರಿ. ಮಧ್ಯಾಹ್ನ ಎರಡಕ್ಕೇ ದೀಪ.
ಅತ್ತೆ ನೋಡುವುದು ಹವಾಮಾನ ಮಾತ್ರ.
ತಾನು ಹೋಗಿರದ ಊರುಗಳಲ್ಲಿ ಎಷ್ಟು ಚಳಿ,
ಕೆರೆಯ ಮೇಲೆ ಎಷ್ಟು ದಪ್ಪ ಹೆಪ್ಪು,
ನಾಳೆ ಯಾರ ಮನೆಯ ಮೇಲೆ ಗಾಳಿ.
ತುಟಿ ಅಲ್ಲಾಡುತ್ತದೆ, ದನಿ ಬರುವುದಿಲ್ಲ.
ನಾವು ಅದನ್ನು ನೋಡದವರ ಹಾಗೆ ಆಲೂಗಡ್ಡೆ ಸುಲಿಯುತ್ತೇವೆ.

ಈ ಸಂಜೆ ಬಿರುಗಾಳಿ ಎದ್ದಿತು.
ಹವಾಮಾನದ ಹೆಂಗಸಿನ ಮುಖ
ಚೌಕ ಚೌಕವಾಗಿ ಒಡೆದು,
ಬಾಯಿ ಅರ್ಧ ತೆರೆದಲ್ಲೇ ನಿಂತಿತು.
ನಾನು ಐಲಿಫನ ಬೂಟಿಗೆ ಕಾಲು ತೂರಿ,
ಪೊರಕೆ ಹಿಡಿದು,
ಮೀನಿನ ಪೆಟ್ಟಿಗೆಯ ಮೇಲೆ ಹತ್ತಿ ನಿಂತು
ತಟ್ಟೆಯಿಂದ ಹಿಮ ಗುಡಿಸಿದೆ.
ಗುಡಿಸಿದಷ್ಟೂ ಬೀಳುತ್ತಿತ್ತು.
ಗಾಜಿನ ಆಚೆ ಅತ್ತೆ ಎದ್ದು ನಿಂತಿದ್ದಳು,
ನಿಂತುಹೋದ ಆ ಬಾಯಿಗೆ ತೀರ ಹತ್ತಿರ,
ಕೈಯಾಡಿಸುತ್ತ, ಏನನ್ನೋ ಪೂರೈಸುತ್ತ.

"ಬಂತಾ?" ಎಂದು ಕೂಗಿದೆ.
"ಬಂತಾ?"

ಒಳಗಿನಿಂದ ಜೋರಾಗಿ, ಗಾಳಿಗಿಂತ ಜೋರಾಗಿ,
ಅವಳು ಉತ್ತರ ಕೊಟ್ಟಳು,
ಆ ಭಾಷೆಯಲ್ಲಿ.

ಬಂತು ಅಂದಳೋ
ಇಲ್ಲ ಅಂದಳೋ,
ಪೊರಕೆ ಹಿಡಿದು ನಿಂತೇ ಇದ್ದೇನೆ.