ಇಪ್ಪತ್ತೈದು ಸಾವಿರಕ್ಕೆ ಒಂದು

ಪಂಚಾಯತಿನವರು ಕೇಳಿದ್ದು ನಡೆಯುವವರ ನಕ್ಷೆ:
ಬಾಯಾರಿನಿಂದ ಪದವು ಹತ್ತಿ
ಆಚೆ ಪೆರ್ಲದ ಬಸ್ಸಿಗೆ ಇಳಿಯಬೇಕು, ಅಷ್ಟೆ.
ನಾಲ್ಕು ಬಣ್ಣ, ಒಂದು ಹಾಳೆ, ಮೂರು ಮಡಿಕೆ.

ಮೊದಲು ಬಂದು ಕುಳಿತದ್ದು ಮೊಬೈಲ್ ಟವರು.
ದೂರಕ್ಕೆ ಕಾಣುತ್ತದೆ, ಜಾಗ ಬಿಟ್ಟು ಕದಲುವುದಿಲ್ಲ,
ನಕ್ಷೆಗೆ ಅಂಥವರೇ ಇಷ್ಟ.
ತೋಡಿನ ಸಂಕ ಹಾಕಿದೆ. ಅಳಿಸಿದೆ.
ಬೇಸಗೆಯಲ್ಲಿ ಅದು ಯಾರದೋ ಕೊಟ್ಟಿಗೆಯ ಅಡ್ಡಮರ.
ಸಿಸಿಲಿ ಬಾಯಿಯ ನಾಯಿಯನ್ನು ಹಾಕಲೇಬೇಕಿತ್ತು,
ನಡೆಯುವವನಿಗೆ ಟವರಿಗಿಂತ ಅದು ಮುಖ್ಯ.
ನಾಯಿಗೆ ಚಿಹ್ನೆ ಇಲ್ಲ.

ಪದವಿಗೂ ಸೂಚಿಯಲ್ಲಿ ಪದವಿಲ್ಲ,
'ಬಂಜರು' ಎಂದಿದೆ, ಬಿಳಿ ಬಿಡಬೇಕು.
ಆಟಿಯಲ್ಲಿ ಅದೇ ಮುರಕಲ್ಲಿನ ಮೇಲೆ ಬೆರಳುದ್ದ ನೀರು,
ನೀರಿಗಿಂತ ನೀಲಿ ಹೂ, ಮೂರು ವಾರ.
ಅಳೆಯಲು ಬರುವವರು ಬರುವುದು ಮಾರ್ಚಿನಲ್ಲಿ.

ದಾರಿ ತೋರಿಸಿದವರು ದೂಮ ನಾಯ್ಕರು,
ಸುರಂಗ ತೋಡಿ ತೋಡಿ ಒಂದು ಭುಜ ಕೆಳಗೆ.
ನಟ್ಟನಡುವೆ ನಿಂತು ಹಿಮ್ಮಡಿಯಿಂದ ಗುದ್ದಿ
"ಟೀಚರೇ, ನಿಮ್ಮ ಕಾಲಡಿಯಲ್ಲಿ ನೀರು ನಡೀತಾ ಉಂಟು" ಅಂದರು.

ಸುರಂಗದ ಬಾಯಿ ಎರಡೂವರೆ ಅಡಿ.
ನನ್ನ ಅಳತೆಗೆ ಇಳಿಸಿದರೆ ಕೂದಲಿನ ಅರ್ಧ ದಪ್ಪ.
ಆದರೂ ಹಾಕಬಹುದು, ನೀಲಿ ಸೊನ್ನೆ;
ನಕ್ಷೆಯಲ್ಲಿ ಬಾವಿಗಳೆಲ್ಲ ಕೆರೆಯಷ್ಟು ದೊಡ್ಡವು,
ಸ್ವಲ್ಪ ಸುಳ್ಳು ಹೇಳದೆ ಏನೂ ಕಾಣಿಸುವುದಿಲ್ಲ.

ಏಳು ತೋರಿಸಿದರು. ಏಳು ಸೊನ್ನೆ.
ಎಂಟನೆಯದರ ಬಾಯಿಗೆ ಮುಳ್ಳು ತುರುಕಿತ್ತು.
"ಅದು ಬೇಡ. ನಾನೂ ಅಣ್ಣನೂ ತೋಡಿದ್ದು.
ನೂರಾ ಹತ್ತು ಕೋಲು. ಮೂರು ಬೇಸಗೆ."
ಬತ್ತಿತೇ?
"ಬತ್ತಲಿಕ್ಕೆ ಮೊದಲು ಬರಬೇಕಲ್ಲ."

ನೀರಿದ್ದರೆ ನೀಲಿ. ಬತ್ತಿದ್ದರೆ ಕಪ್ಪು.
ಬಾರದ ನೀರಿಗೆ,
ಮೊಣಕಾಲೂರಿ, ಮೇಣದ ಬತ್ತಿ ಆರುವವರೆಗೆ
ಇಬ್ಬರು ಅಗೆದು ಹೊರಗೆ ಹೊತ್ತ ಕತ್ತಲಿಗೆ
ಇಲಾಖೆಯ ಪಟ್ಟಿಯಲ್ಲಿ ಏನೂ ಇಲ್ಲ.
ನಾನೂ ಏನೂ ಹಾಕಲಿಲ್ಲ.

ದಾರಿಯನ್ನು ಮಾತ್ರ ಅಲ್ಲಿ ಕೊಂಚ ಬಳಸಿ ಎಳೆದೆ.
ಹಾಳೆಯಲ್ಲಿ ಒಂದೂವರೆ ಮಿಲಿಮೀಟರು,
ನೆಲದಲ್ಲಿ ಐವತ್ತು ಹೆಜ್ಜೆ.
ಕಲ್ಲಿಲ್ಲ, ಗುಂಡಿಯಿಲ್ಲ, ಬೇಲಿಯೂ ಇಲ್ಲ,
ಇಷ್ಟು ಬಯಲಲ್ಲಿ ಯಾಕೆ ಬಾಗಿದೆ ಎಂದು
ಮುಂದೆ ಯಾವನಾದರೂ ನಿಂತು ತಲೆ ಕೆರೆದುಕೊಳ್ಳಲಿ.

ಅಚ್ಚಾದ ಮೇಲೆ ಒಂದು ಪ್ರತಿ ಕೊಟ್ಟೆ.
ನಾಯ್ಕರು ತಲೆಕೆಳಗಾಗಿ ಹಿಡಿದು, ತುಂಬಾ ಹೊತ್ತು ನೋಡಿ,
ಆ ಬಾಗಿನ ಮೇಲೆ ಹೆಬ್ಬೆರಳ ಉಗುರನ್ನಿಟ್ಟು
"ಪೆರ್ಲದಿಂದ ಕೊನೇ ಬಸ್ಸು ಎಷ್ಟಕ್ಕೆ?" ಎಂದು ಕೇಳಿದರು.