ಹಾದಿ ಬಲ್ಲ ವಿಷ

ನಾನಾಗ ಆರು ವರ್ಷದಾಕಿ. ನೌಬಾದದ ಗುಡ್ಡದ ಮ್ಯಾಲ
ಮೂಗಿನಾಗಿಂದ ಕರೀ ರಕ್ತ ಬಿಟ್ಟು ಸತ್ತ ಕುರಿ
ಕೊಯ್ದಿದ್ದಳು ಮಾಳಮ್ಮತ್ತಿ.
ರಕ್ತ ಹೆಪ್ಪುಗಟ್ಟಲಿಲ್ಲ. ಯಾಕಂತ ಯಾರೂ ಕೇಳಲಿಲ್ಲ,
ತೊಗಲಿಗೆ ಗಿರಾಕಿ ಕಾಯಲಾಕತ್ತಿದ್ದ.

ಮೂರನೇ ದಿನಕ್ಕ ಮುಂಗೈ ಮ್ಯಾಲ ಗುಳ್ಳಿ. ನೋವಿಲ್ಲ.
ನೋವಿಲ್ಲಂದ್ರ ರೋಗ ಅಲ್ಲ ಅಂತ ತಿಳಕೊಂಡೋರು ನಾವು.
ಏಳಕ್ಕ ಇದ್ದಲಿನಂಥ ಹಕ್ಕಳಿ, ಮೊಣಕೈ ತನಕ ಬಾವು.
ದೊಡ್ಡ ದವಾಖಾನಿ ಡಾಕ್ಟರು ಪೆನಿಸಿಲಿನ್ ಬರೆದು
ಹೆಸರು ಹೇಳಿದ್ರು: ಆಂಥ್ರಾಕ್ಸ್.
ಅತ್ತಿ ಅಂದಳು: ನೆರಡಿ ಅನ್ರಿ, ಗೊತ್ತದ ನಮಗದು.

ಈಗ ಅದರ ವಿಷದ ಕೂಡೇ ನನ್ನ ನೌಕರಿ.
ನಂದಿನಗರದ ಲ್ಯಾಬಿನಾಗ, ಮೈನಸ್ ಎಂಬತ್ತರ ಫ್ರಿಜ್ಜಿನಾಗ
ಬೆರಳಿನಷ್ಟು ಕೊಳವ್ಯಾಗ ಮಲಗಿರ್ತದ,
ಮ್ಯಾಲ ನನ್ನ ಅಕ್ಷರದಾಗ: ಬ್ಯಾಚ್ ಹನ್ನೊಂದು.
ಅದು ಜೀವಾಣು ಅಲ್ಲ. ಜೀವಾಣುವಿನ ಕೈ,
ಚಾಕು ಕಸಕೊಂಡ ಮ್ಯಾಲಿನ ಕೈ.
ಕೊಲ್ಲೋ ತುಣುಕು ತಗದೀವಿ,
ಬಾಗಿಲು ತೆಗಿಯೋದನ್ನ ಹಾಂಗೇ ಬಿಟ್ಟೀವಿ,
ಖಾಲಿಯಾದ ಜಾಗದಾಗ ಬ್ಯಾರೆ ರೋಗದ ಒಂದು ಚೂರು ಹೊಲಿದೀವಿ,
ಕಳ್ಳನ ಅಂಗಿಯ ತುಂಡಿನಂಥದು, ಗುರುತಿಗಷ್ಟೇ.

ದೀಪಾವಳಿಗೆ ಹೋದಾಗ ರೊಟ್ಟಿ ಬಡೀತಾ ಅತ್ತಿ ಕೇಳಿದಳು:
"ಹಲ್ಲು ಕಿತ್ತೀರಿ, ಸರಿ. ಹಾದಿ ನೆನಪಿರ್ತದೇನು ಅದಕ್ಕ?"
ನನ್ನ ಗೈಡು ಮೂರು ವರ್ಷದಾಗ ಕೇಳದ ಪ್ರಶ್ನೆ.
ನೆನಪಿರ್ತದ ಅತ್ತಿ. ಹಾದಿ ಬಲ್ಲದಂತಲೇ ಇಟಗೊಂಡೀವಿ.

ಹ್ಯಾಂಗ ಹೇಳಲಿ ಅಂತ ಕರೇಜಿನ ಮಾತು ತಗದೆ.
ಅಕಿ ಕುರಿ ಮೇಸಿದ ನೆಲದ ಕೆಳಗೇ ಅದ
ಸುಲ್ತಾನರ ಕಾಲದ ನೀರಿನ ಸುರಂಗ.
ಮ್ಯಾಲ ಬರೀ ಕೆಂಪು ಜಂಬಿಟ್ಟಿಗೆ, ದೂರಕ್ಕೊಂದು ಬಾವಿಯ ಬಾಯಿ.
ಗ್ವಾಡಿ ಹೊರಗ ಎಷ್ಟು ಮಂದಿ ಪಹರೆ ಇದ್ರೇನು,
ಒಳಗ ಹೊಕ್ಕವನು ಅವರಿಗೆ ಕಾಣ್ತಾನೇನು?
ರಕ್ತದಾಗ ತಿರುಗೋ ಪ್ರತಿಕಾಯಗಳೂ ಹಾಂಗೇ.
ಜೀವಕೋಶದ ಒಳಗ ಅಡಗಿದ್ದು ಟಿ-ಕೋಶಕ್ಕೇ ತಿಳೀಬೇಕು,
ಅದೂ ಕಿಟಕ್ಯಾಗ ಯಾರಾರ ತೋರಿಸಿದ್ರ.

ನಮ್ಮ ವಿಷ ಸುರಂಗ ಇಳದು
ಹೊತ್ತ ಚೂರು ಒಳಗ ಒಗೀತದ.
ಕೋಶ ಅದನ್ನ ಸಣ್ಣಗ ಹೆಚ್ಚಿ
ಹೊರಗಿನ ಗ್ವಾಡಿಗೆ ತೂಗಹಾಕ್ತದ, ಅರಬಿ ಒಣಹಾಕಿದಂಗ.
ಹಾದು ಹೋಗೋ ಟಿ-ಕೋಶ ನಿಂದರ್ತದ,
ಮೂಸ್ತದ, ಮುಂದ ಮರಿಯಂಗಿಲ್ಲ.

ಅತ್ತಿ ಹಿಟ್ಟಿನ ಕೈ ತಡದಳು.
"ಮರಿ ಸತ್ತ ಕುರಿ ಪರದೇಸಿ ಮರಿಗೆ ಮೊಲಿ ಕೊಡಂಗಿಲ್ಲ.
ಸತ್ತ ಮರಿಯ ತೊಗಲು ಸುಲಿದು ಇದಕ್ಕ ಹೊದಿಸಿ ಬಿಟ್ರ
ಮೂಸಿ, ತನ್ನದಂತ ತಿಳದು, ಕುಡಸ್ತದ.
ನಿನ್ನ ಕೆಲಸ ನಾನೂ ಮಾಡೀನಿ ತಗೋ."

ಖರೇ ಹೇಳಬೇಕಂದ್ರ, ಇನ್ನೂ ಇಲಿ ತನಕ ಬಂದೀವಿ ಅಷ್ಟೇ.
ಬ್ಯಾಚ್ ಒಂಬತ್ತು ಕರೆಂಟು ಹೋಗಿ ಕೆಟ್ಟಿತು.
ಹತ್ತರಾಗ ಪ್ರೋಟೀನಿನ ಮಡಿಕಿ ತಪ್ಪಿ ವಿಷ ಹಾದಿ ಮರತಿತ್ತು.
ಹನ್ನೊಂದನೇದು ತಟ್ಟಿಗೆ ಹಾಕಿ ಮನಿಗೆ ಹೋದೆ, ನಿದ್ದಿ ಬರಲಿಲ್ಲ.
ತೊಂಬತ್ತಾರು ಕುಳಿಯ ಪ್ಲಾಸ್ಟಿಕ್ ತಟ್ಟಿ;
ನಾವೂ ಬಾವಿ ಅಂತೀವಿ ಅದಕ್ಕ ಅಂದಾಗ ಅತ್ತಿ ನಕ್ಕಿದ್ದಳು.
ನೆನಪಿದ್ದ ಒಂದೊಂದು ಟಿ-ಕೋಶ
ತಳದಾಗ ಒಂದೊಂದು ನೀಲಿ ಚುಕ್ಕಿ ಬಿಡಬೇಕು.

ಮುಂಜಾನಿ. ಮಸೂರದ ಕೆಳಗ
ಬರೀ ವಿಷದ ಸಾಲಿನಾಗ ಎರಡು, ಒಂದು, ಮೂರು.
ಹೊಲಿಗಿ ಹಾಕಿದ ಸಾಲಿನಾಗ ಎಣಸಲಾಕ ಸುರು ಮಾಡಿ
ಇಪ್ಪತ್ತೇಳಕ್ಕ ತಪ್ಪಿ,
ಮತ್ತ ಮೊದಲಿಂದ.

ಎಲ್ಲೋ ನೋಡೀನಿ ಈ ಚುಕ್ಕಿ.
ಅತ್ತಿ ಮುಂಗೈ ಮ್ಯಾಲಿನ ಹಚ್ಚಿ,
ಯಾರೋ ಸೂಜೀಲೆ ಚುಚ್ಚಿ ಕೂಡಿಸಿದ್ದು,
ಗಾಯದ ಕಲಿ ಬಂದು ಅರ್ಧ ನುಂಗಿ
ಅಲ್ಲಿಗೇ ನಿಂತದ್ದು.
ಎಷ್ಟು ಉಳದಾವಂತ
ಒಮ್ಮೆಯೂ ಎಣಿಸಿಲ್ಲ ನಾನು.