ಸೀದ ವಾಸನೆ

ಮೊದಲು ಬರುವುದು ವಾಸನೆ.
ಬಟ್ಟೆ ಸೀದ ವಾಸನೆ.

ರೂವಿಯ ಈ ಇಸ್ತ್ರಿ ಅಂಗಡಿಯಲ್ಲಿ
ಎಂಥ ಕುಚೋದ್ಯ ನೋಡಿ.
ಪೆಟ್ಟಿಗೆ ಎತ್ತಿ ನೋಡುತ್ತೇನೆ:
ದಿಶ್‌ದಾಶ ಬೆಳ್ಳಗೇ ಇದೆ, ಒಂದು ಕಲೆಯಿಲ್ಲ.
ಅಂದರೆ ಸೀಯುತ್ತಿರುವುದು ನಾನು.

ಆಮೇಲೆ ನಾಲಗೆಯಡಿ ಹಳೇ ಬೈಸ ನಾಣ್ಯದ ರುಚಿ.
ಹೊಟ್ಟೆಯಿಂದ ಲಿಫ್ಟೊಂದು ಹೊರಟು
ಎದೆಯ ಮಹಡಿಯಲ್ಲಿ ಸಿಕ್ಕಿಕೊಳ್ಳುತ್ತದೆ.

ಊರಲ್ಲಿ ಬಿದ್ದ ಮೇಲೆ ಓಡಿ ಬಂದವರೇ ಎಲ್ಲ,
ಮುಷ್ಟಿಗೆ ಬೀಗದಕೈ, ಮೂಗಿಗೆ ಚಪ್ಪಲಿ.
ಬೀಳುವ ಮುಂಚೆ ಏನಾಗುತ್ತದೆಂದು ಕೇಳಿದ್ದು
ಇಲ್ಲಿನ ಸೂಡಾನಿ ಡಾಕ್ಟರಮ್ಮ ಒಬ್ಬಳೇ.
ಹೇಳಲು ಮಾತು ಸಾಲದೆ ಮೂಗು ಮುಟ್ಟಿ ತೋರಿಸಿದೆ.
ಬರೆದುಕೊಂಡಳು.

ಒಂದು ನಿಮಿಷ ಸಿಗುತ್ತದೆ. ಕೆಲವು ಸಲ ಅದೂ ಇಲ್ಲ.
ಪ್ಲಗ್ ಕೀಳುತ್ತೇನೆ. ಕನ್ನಡಕ ತೆಗೆದಿಡುತ್ತೇನೆ.
'ಮೊನಿರುಲ್' ಎಂದು ಕೂಗಿ
ಒಗೆಯದ ಚಾದರಗಳ ರಾಶಿಯ ಮೇಲೆ ಎಡಮಗ್ಗುಲಾಗುತ್ತೇನೆ.
ಅವನು ಮೊಬೈಲಿನಲ್ಲಿ ಸಮಯ ನೋಡಿಕೊಳ್ಳುತ್ತಾನೆ.

ನಿನ್ನೆ ಮತ್ತೆ ಅದೇ ವಾಸನೆ.
ಪ್ಲಗ್ ಕಿತ್ತೆ, ಒರಗಿದೆ, ಕಾದೆ.
ಲಿಫ್ಟು ಬರಲಿಲ್ಲ.
ಮೊನಿರುಲ್ ಮೂಗರಳಿಸಿದ: 'ದಾದಾ, ನನಗೂ ಬರ್ತಿದೆ!'
ಅವನ ಪೆಟ್ಟಿಗೆಯಡಿ ಯಾರದೋ ಅಂಗಿಯ ತೋಳು ಕಂದಿತ್ತು.

ಮಾಲೀಕ ಎರಡು ರಿಯಾಲ್ ಮುರಿದುಕೊಂಡ.
ನಾವಿಬ್ಬರೂ ಯಾಕೆ ನಗುತ್ತಿದ್ದೆವೆಂದು
ಅವನಿಗೆ ತಿಳಿಯಲಿಲ್ಲ.